ಈಜಿನಲ್ಲಿ ಎಂಬತ್ತು

ಲೆಕ್ಕಶಾಸ್ತ್ರದಲ್ಲಿ ತೊಂಬತ್ತಾರು, ಇಂಗ್ಲಿಷಿನಲ್ಲಿ ತೊಂಬತ್ತೆರಡು, ಈಜಿನಲ್ಲಿ ಎಪ್ಪತ್ನಾಲ್ಕು. ನನ್ನ ಮಗಳು ಎರ್ಲಿನ್ ಅಂಕದ ಚೀಟಿ ತಂದಾಗ ನಾನು ಬಿದಿರ ತಟ್ಟಿಯ ಮೇಲೆ ಮೀನು ಒಣಹಾಕುತ್ತಿದ್ದೆ. ಕೈಯೆಲ್ಲ ಉಪ್ಪು, ಹಾಗಾಗಿ ಅವಳೇ ಓದಿ ಹೇಳಿದಳು. ಕೊನೆಯದನ್ನು ಎರಡು ಸಲ ಓದಿಸಿದೆ.

ಅವಳು ಇಲೋಇಲೋ ಪಟ್ಟಣದ ಕಾಲೇಜಿಗೆ ಹೋಗುತ್ತಿರುವುದು ಸರ್ಕಾರದ ವಿದ್ಯಾರ್ಥಿವೇತನದಿಂದ. ಶುಲ್ಕ, ಪುಸ್ತಕ, ಜೀಪ್ನಿ ಬಸ್ಸಿನ ಖರ್ಚು ಎಲ್ಲ ಅದರಿಂದಲೇ. ಅದರ ಷರತ್ತು ನಮ್ಮ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆಯಷ್ಟೇ ಬಾಯಿಪಾಠ: ಪ್ರತಿ ಸೆಮಿಸ್ಟರಿನಲ್ಲಿ, ಪ್ರತಿ ವಿಷಯದಲ್ಲಿ, ಎಂಬತ್ತಕ್ಕೆ ಕಡಿಮೆ ಬರಬಾರದು. ಒಂದರಲ್ಲಿ ಬಂದರೂ ಪಟ್ಟಿಯಿಂದ ಹೆಸರು ಹೋಗುತ್ತದೆ. ಆ ಜಾಗಕ್ಕೆ ಇನ್ನೊಬ್ಬರ ಬಡ ಮಗು ಬರುತ್ತದೆ, ಬರಬೇಕಾದದ್ದೇ. ಈಜೂ ಒಂದು ವಿಷಯ.

ತಪ್ಪು ನಮ್ಮದು. ಕುಣಿತ, ಬ್ಯಾಡ್ಮಿಂಟನ್, ಈಜು, ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಕಾಲೇಜಿನವರು ಹೇಳಿದಾಗ ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ. ಬೆಸ್ತರ ಹುಡುಗಿಗೆ ಈಜು ಅಂದರೆ ಪುಕ್ಕಟೆ ಅಂಕ ಅಂದಿದ್ದ ನನ್ನ ಗಂಡ ಎರ್ನಿಂಗ್. ನಾನೂ ಹೂಂ ಅಂದಿದ್ದೆ.

ಆದರೆ ನಮ್ಮ ಕಡೆ ಈಜುವುದು ತಲೆ ಎತ್ತಿಕೊಂಡು. ಅಲೆ ಎಲ್ಲಿಂದ ಬರುತ್ತಿದೆ, ದೋಣಿ ಎಲ್ಲಿ ತೇಲುತ್ತಿದೆ, ಎರಡೂ ಕಣ್ಣಿಗೆ ಕಾಣುತ್ತಿರಬೇಕು. ನಡೆಯಲು ಕಲಿತ ಮಗುವನ್ನು ನೀರಿಗಿಳಿಸಿ ಮೊದಲು ಹೇಳುವ ಮಾತೇ ಗಲ್ಲ ಮೇಲೆ ಅಂತ. ಕಾಲೇಜಿನ ಕೊಳದಲ್ಲಿ ಅದು ನಡೆಯುವುದಿಲ್ಲ. ಮುಖ ನೀರೊಳಗಿರಬೇಕು, ಉಸಿರಿಗೆ ಮಾತ್ರ ಪಕ್ಕಕ್ಕೆ ಹೊರಳಿಸಬೇಕು. ನೀನು ಪಕ್ಕದ ದ್ವೀಪದವರೆಗೂ ಈಜಬಲ್ಲೆ, ಆದರೆ ಆ ಈಜಿಗೆ ನನ್ನ ಅಂಕದ ಹಾಳೆಯಲ್ಲಿ ಜಾಗವಿಲ್ಲ ಅಂದರಂತೆ ಅವರ ಶಿಕ್ಷಕ ಟುಪಾಸ್ ಸರ್. ಒಳ್ಳೆಯ ಮನುಷ್ಯ. ಈ ಚೀಟಿ ಬರೀ ಎಚ್ಚರಿಕೆ, ಲೆಕ್ಕಕ್ಕೆ ಬರುವುದು ಕೊನೆಯ ಪರೀಕ್ಷೆಯದು ಅಂತಲೂ ಹೇಳಿದ್ದರು: ಐವತ್ತು ಮೀಟರು, ಎಲ್ಲೂ ನಿಲ್ಲದೆ, ಸಾಲುಗಳ ನಡುವೆ ಕಟ್ಟಿದ ಹಗ್ಗ ಮುಟ್ಟದೆ. ಅದಕ್ಕೆ ಐದು ವಾರ ಉಳಿದಿತ್ತು.

ಸುದ್ದಿ ಪಕ್ಕದ ಮನೆ ಬೆಲೆನಳಿಗೆ ತಲುಪಿತು. "ಮೀನಿನ ಮರಿ ನೀರಲ್ಲೇ ಫೇಲಂತೆ," ಅಂತ ಬೇಲಿಯಾಚೆಯಿಂದ ನನಗೆ ಕೇಳಿಸುವ ಹಾಗೆಯೇ ಅಂದಳು. ಸರ್ ಮನೆಗೆ ಒಂದು ಬುಟ್ಟಿ ಒಣಮೀನು ಕಳಿಸೋಣವೇ ಅಂತ ಮಗಳನ್ನು ಮೆಲ್ಲಗೆ ಕೇಳಿದೆ. ನಮ್ಮೂರಲ್ಲಿ ಅದು ಲಂಚವಲ್ಲ, ಮರ್ಯಾದೆ. ಅವಳು ಅನ್ನದ ತಟ್ಟೆ ಕೆಳಗಿಟ್ಟಳು.

"ಬೇಡ ನಾನಾಯ್. ಆಮೇಲೆ ನಾನು ಈಜಿದ್ದು ಯಾರಿಗೂ ಕಾಣಲ್ಲ, ಮೀನೊಂದೇ ಕಾಣುತ್ತೆ."

ಹತ್ತೊಂಬತ್ತು ವರ್ಷದವಳಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಮರುದಿನದಿಂದ ಬಟ್ಟೆ ಒಗೆಯುವ ಬೋಗುಣಿ ಅವಳದಾಯಿತು. ಬೆಳಿಗ್ಗೆ ಅದರ ತುಂಬ ನೀರು ಹಾಕಿ, ಬೆಂಚಿನ ಮೇಲೆ ಬೋರಲಾಗಿ ಮಲಗಿ ಮುಖ ಅದ್ದುವಳು. ಮೂರು ಎಣಿಕೆಗೊಮ್ಮೆ ಮುಖ ಹೊರಳಿಸಿ ಉಸಿರೆಳೆಯುವಳು. ನಾನು ಬೆಳ್ಳುಳ್ಳಿ ಒಗ್ಗರಣೆಗೆ ರಾತ್ರಿಯ ಅನ್ನ ಹಾಕಿ ಹುರಿಯುತ್ತ ಎಣಿಸುವೆ. ಮೊದಲ ವಾರ ನೀರು ಕುಡಿದದ್ದೇ ಹೆಚ್ಚು. ಕೆಮ್ಮುವಳು, ಮೂಗೊರೆಸಿಕೊಳ್ಳುವಳು, ಮತ್ತೆ ಮುಖ ಅದ್ದುವಳು. ಆಮೇಲೆ ಅದೇ ಒದ್ದೆ ಕೂದಲಲ್ಲಿ ಓಡಿಹೋಗಿ ಜೀಪ್ನಿ ಹಿಡಿಯುವಳು.

ಮೂರನೇ ವಾರ ಸಮುದ್ರಕ್ಕಿಳಿದಳು. ಎರ್ನಿಂಗ್ ದೋಣಿಯಲ್ಲಿ ಪಕ್ಕದಲ್ಲೇ ಹೋಗಬೇಕು, ಅವಳು ವಾಲಿದರೆ ಎಡಕ್ಕೆ, ಬಲಕ್ಕೆ ಅಂತ ಕೂಗಬೇಕು. ಆದರೆ ಅವನಿಂದ ನೋಡಲಾಗಲಿಲ್ಲ. ಮುಖ ಕೆಳಗೆ ಮಾಡಿ ತೇಲುವವರನ್ನು ಅವನು ಬದುಕಿನಲ್ಲಿ ಎರಡೇ ಸಲ ಕಂಡಿದ್ದ, ಇಬ್ಬರನ್ನೂ ದಡಕ್ಕೆ ಹೊತ್ತು ತಂದಿದ್ದ. ಹಾಗಾಗಿ ಮೊದಲ ದಿನ ಮೂರು ಸಲ ನೀರಿಗೆ ಹಾರಿ, ಚೆನ್ನಾಗಿ ಈಜುತ್ತಿದ್ದ ಮಗಳನ್ನು ಎತ್ತಿ ಹಿಡಿದ.

ಮೂರನೇ ಸಲ ಅವಳು ಅಪ್ಪನ ಕೈ ಕೊಡವಿದಳು. "ತಾತಾಯ್, ನನ್ನ ಬದುಕಿಸೋದು ನಿಲ್ಸು. ನಾನು ಓದ್ಬೇಕು."

ಅವನು ದೋಣಿ ಹತ್ತಿ ಕೂತ. ಮತ್ತೆ ಹಾರಲಿಲ್ಲ. ದಿನವೂ ಗಂಟಲು ಕಟ್ಟುವವರೆಗೆ ಕೂಗಿದ.

ಪರೀಕ್ಷೆಯ ಶನಿವಾರ ನಾವಿಬ್ಬರೂ ಹೋದೆವು. ಎರ್ನಿಂಗ್ ಚರ್ಚಿಗೆ ಹಾಕುವ ಅಂಗಿ ಹಾಕಿದ್ದ. ನಲವತ್ತು ಮಕ್ಕಳು, ಹೆಚ್ಚಿನವರ ಕಣ್ಣಿಗೆ ಈಜಿನ ಕನ್ನಡಕ. ನಮ್ಮವಳಿಗೆ ಇರಲಿಲ್ಲ. ಸದ್ದು ಮಾಡಬಾರದು ಅಂತ ಸರ್ ಎಲ್ಲ ತಂದೆತಾಯಿಯರಿಗೂ ಮೊದಲೇ ಹೇಳಿದರು.

ಅವಳ ಸರದಿ ಬಂತು. ಚೆಂದವಾಗಿ ಹೊರಟಳು, ಮುಖ ನೀರಲ್ಲಿ, ಉಸಿರು ಪಕ್ಕಕ್ಕೆ, ಬೋಗುಣಿಯಲ್ಲಿ ಮಾಡಿದ ಹಾಗೆಯೇ. ಅರ್ಧಕ್ಕೂ ಮುಂಚೆ ಬಲಕ್ಕೆ ವಾಲತೊಡಗಿದಳು. ಎರ್ನಿಂಗನ ಬಾಯಿ ತೆರೆಯಿತು, ಮುಚ್ಚಿತು. ಅವಳ ಭುಜ ಹಗ್ಗಕ್ಕೆ ಬಡಿಯಿತು, ಗಾಬರಿಯಲ್ಲಿ ಅದನ್ನೇ ಹಿಡಿದಳು. ಸರ್ ಸೀಟಿ ಊದಿದರು.

ಆಗ ನಮಗೆ ತಿಳಿಯಿತು. ಉಪ್ಪುನೀರಿನ ಉರಿಗೆ ಅವಳು ಕಣ್ಣು ಮುಚ್ಚಿಕೊಂಡೇ ಕಲಿತಿದ್ದಳು. ದಾರಿ ತೋರಿಸಿದ್ದು ಅಪ್ಪನ ದನಿ. ತರಗತಿಯಲ್ಲಿ ಅಷ್ಟು ಮಕ್ಕಳ ನಡುವೆ ತೇಲುವ ಹಲಗೆ ಹಿಡಿದು ಕೊಳದ ಅಗಲಕ್ಕೆ ಕಾಲು ಬಡಿದದ್ದು ಬಿಟ್ಟರೆ ಉದ್ದಕ್ಕೆ ಈಜಿಯೇ ಇರಲಿಲ್ಲ.

ಫೇಲಾದವರಿಗೆಲ್ಲ ಕೊನೆಯಲ್ಲಿ ಇನ್ನೊಂದು ಅವಕಾಶವಿತ್ತು. ಒಂದೇ ಒಂದು ಸಲ ಕೂಗಲು ಬಿಡಿ ಅಂತ ಸರ್ ಹತ್ತಿರ ಕೇಳುತ್ತೇನೆ ಅಂದ ಎರ್ನಿಂಗ್. ಮಗಳು ಬೇಡವೆಂದು ತಲೆಯಾಡಿಸಿದಳು. ಕೊಳದ ಅಂಚಿನಲ್ಲಿ ಬೋರಲಾಗಿ ಮಲಗಿ, ಮುಖವನ್ನು ನೀರಿನಲ್ಲಿ ಅದ್ದಿ, ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಕೊಳದ ನೀರಿಗೆ ಹಾಕಿದ ಔಷಧಕ್ಕೆ ಕಣ್ಣು ಕೆಂಡವಾಗಿತ್ತು.

"ತಳದಲ್ಲಿ ಕಪ್ಪು ಗೆರೆ ಇದೆ, ಆಚೆ ಗೋಡೆವರೆಗೂ," ಅಂದಳು. "ಉರಿಯುತ್ತೆ. ಆದ್ರೆ ಕಾಣುತ್ತೆ."

ಎರಡನೇ ಸಲ ಅವಳು ಇಳಿದಾಗ ಕೊಳದ ಬಳಿಯಿದ್ದ ಅರ್ಧ ಜನ ಹೊರಟುಹೋಗಿದ್ದರು. ಎರ್ನಿಂಗ್ ನನ್ನ ಮಣಿಕಟ್ಟು ಹಿಡಿದುಕೊಂಡ. ಅವಳು ನಿಧಾನ, ಎಲ್ಲರಿಗಿಂತ ನಿಧಾನ. ಕಾಲು ಒದೆಯುವುದರಲ್ಲಿ ಚೆಂದವೇನೂ ಇರಲಿಲ್ಲ. ಆದರೆ ನೇಗಿಲು ಹಿಡಿದವನು ಸಾಲು ಬಿಡದ ಹಾಗೆ ಆ ಗೆರೆಯ ಮೇಲೆಯೇ ಹೋದಳು. ಒಂದು ಸಲ ನೀರು ನುಂಗಿದ್ದು ನನಗೆ ಗೊತ್ತಾಯಿತು. ತಲೆ ಎತ್ತಲಿಲ್ಲ. ಹುಟ್ಟಿದಾಗಿನಿಂದ ನಾವು ಎತ್ತು ಎತ್ತು ಅಂತ ಹೇಳಿಕೊಟ್ಟ ತಲೆ ಅದು. ಕೈ ಗೋಡೆಗೆ ತಾಗಿತು.

ನಾವು ಸುತ್ತು ಹಾಕಿ ಆಚೆ ತುದಿಗೆ ಹೋಗುವಷ್ಟರಲ್ಲಿ ಅವಳು ಮೇಲೆ ಹತ್ತಿ ಸರ್ ಮುಂದೆ ನಿಂತಿದ್ದಳು. ಅವರು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಹೆಸರಿನ ಮುಂದೆ ಎಂಬತ್ತು.

"ಕಾಲು ಇನ್ನೂ ಸುಧಾರಿಸ್ಬೇಕು," ಅಂದರು ಸರ್.

"ಹೌದು ಸರ್."

ಅವಳು ಹೋಗಲಿಲ್ಲ. ಬಗ್ಗಿ ಇನ್ನೊಮ್ಮೆ ನೋಡಿದಳು.

"ಸರ್, ಅದು ಪೆನ್ಸಿಲ್ಲಲ್ಲಿದೆ. ಪೆನ್ನಲ್ಲಿ ಬರೀತೀರಾ?"

ಟುಪಾಸ್ ಸರ್ ಅವಳ ಮುಖವನ್ನೊಮ್ಮೆ ನೋಡಿದರು. ಜೇಬು ತಡಕಿ ಪೆನ್ನು ತೆಗೆದು, ಅದೇ ಅಂಕಿಯ ಮೇಲೆ ಮತ್ತೊಮ್ಮೆ ತಿದ್ದಿದರು. ಶಾಯಿ ಆರುವವರೆಗೂ ಅವಳು, ಹಾಳೆಯ ಮೇಲೆ ಒಂದು ಹನಿಯೂ ಬೀಳದಂತೆ, ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು.