ಊಟದ ಮೇಜಿನ ಮೇಲಿನ ನ್ಯಾಟ್

ವಿದ್ಯಾರಣ್ಯಪುರಂನ ಆ ಮನೆಯಲ್ಲಿ ಅಂದು ಬೆಳಿಗ್ಗೆ ಊಟದ ಮೇಜಿನ ಪ್ರಶ್ನೆ ತುರ್ತಾಗಿ ಇತ್ಯರ್ಥವಾಗಬೇಕಿತ್ತು. ಬಾಲರಾಜರ ಶವಪೆಟ್ಟಿಗೆ ಹೊತ್ತು ತಂದ ನಾಲ್ವರು ನಡುಮನೆಯ ಬಾಗಿಲಲ್ಲೇ ನಿಂತಿದ್ದರು. ಇದ್ದ ಒಂದೇ ಮೇಜಿನ ಮೇಲೆ ಯುದ್ಧವಿಮಾನವಿತ್ತು.

ಮರದ ನ್ಯಾಟ್ ಅದು. ಅರವತ್ತೈದರ ಯುದ್ಧದಲ್ಲಿ ಹಾರಿದ ಪುಟ್ಟ ವಿಮಾನದ ಮಾದರಿ, ಅಳತೆಯಲ್ಲಿ ಹತ್ತರಲ್ಲೊಂದು ಪಾಲು. ಎಡರೆಕ್ಕೆಯ ಬುಡಕ್ಕೆ ಹಸಿ ಅಂಟು, ಅದು ಅಲ್ಲಾಡದಂತೆ ಆರು ಬಟ್ಟೆ ಕ್ಲಿಪ್ಪು.

ಸತ್ತವರ ತಮ್ಮ ಫ್ರೆಡ್ಡಿ ವಿಮಾನಕ್ಕೆ ಕೈ ಹಾಕಿದ. ಅತ್ತಿಗೆ ಸೂಸಮ್ಮ ಅಡ್ಡ ಬಂದರು.

"ನಾಲ್ಕು ಗಂಟೇವರ್ಗೂ ಮುಟ್ಟಂಗಿಲ್ಲ. ಅವ್ರು ಹೇಳ್ಬುಟ್ಟು ಹೋಗಿದಾರೆ."

"ಮತ್ತೆ ಅಣ್ಣನ್ನ ಎಲ್ಲಿ ಮಲಗಿಸೋದು ಅತ್ತಿಗೆ?"

ಎದುರುಮನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಜವರಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಇಸ್ತ್ರಿ ಮೇಜು ತಂದ್ಬುಡ್ತೀನಿ ಕಣ್ರೀ. ಇಪ್ಪತ್ತು ವರ್ಷದಿಂದ ಅವ್ರ ಶರ್ಟು ಅದ್ರ ಮೇಲೇ ಮಲಗ್ತಿದ್ವು. ಇವತ್ತು ಅವ್ರೇ ಮಲಗ್ಲಿ."

ನಗಬಾರದ ಹೊತ್ತಿನಲ್ಲಿ ಇಬ್ಬರು ಮೂವರು ನಕ್ಕು, ಕೆಮ್ಮಿದಂತೆ ಮಾಡಿದರು. ಮೇಜು ಬಂತು. ಒಂದರ ಮೇಲೆ ವಿಮಾನ, ಪಕ್ಕದ್ದರ ಮೇಲೆ ಅದನ್ನು ಕಟ್ಟಿದವರು. ಹಾರ ತಂದವರು ರೆಕ್ಕೆಗೆ ತಗುಲದಂತೆ ಅಡ್ಡಡ್ಡ ನಡೆದರು.

*

ಬಾಲರಾಜ್ ಕಡಕೊಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ಮರುದಿನವೇ ಊಟದ ಮೇಜನ್ನು ವಾಯುಪಡೆಗೆ ಒಪ್ಪಿಸಿದ್ದರು. ಅಲ್ಲಿಂದ ಒಂಬತ್ತು ವರ್ಷ ಸೂಸಮ್ಮ ನೆಲದ ಮೇಲೆ ಕೂತು ಉಂಡರು. ಭಾನುವಾರ ಚರ್ಚಿನ ಪೂಜೆ ಮುಗಿದರೆ ಗಂಡನ ಸ್ಕೂಟರು ಮಂಡಕಳ್ಳಿ ವಿಮಾನ ನಿಲ್ದಾಣದ ಹಾದಿ ಹಿಡಿಯುತ್ತಿತ್ತು. ಬೇಲಿಯಾಚೆ ವಿಮಾನ ಇಳಿಸಿದ ಪೈಲಟ್ಟಿಗೆ ಮಾರ್ಕ್ಸು ಕೊಟ್ಟು ಮನೆಗೆ ಬರುತ್ತಿದ್ದರು. ಸ್ವತಃ ಒಂದು ವಿಮಾನವನ್ನೂ ಹತ್ತಿದವರಲ್ಲ.

ಹಿಂದಿನ ದಿನ ಮಧ್ಯಾಹ್ನ ಸೂಸಮ್ಮನಿಗೆ ತಾಳ್ಮೆ ತಪ್ಪಿತು. ಸಂಡಿಗೆಯ ತಟ್ಟೆ ಇಡಲು ಜಾಗಕ್ಕಾಗಿ ವಿಮಾನವನ್ನು ಮೊಣಕೈಯಲ್ಲಿ ತಳ್ಳಿದರು. ರೆಕ್ಕೆ ಕಳಚಿ ಬಿತ್ತು.

ಬೈದಿದ್ದರೆ ಸೂಸಮ್ಮನಿಗೆ ಹಗುರಾಗುತ್ತಿತ್ತು. ಬಾಲರಾಜ್ ಆರು ಬಟ್ಟೆ ಕ್ಲಿಪ್ಪು ಕೇಳಿದರು, ಅಷ್ಟೇ. ಅಂಟು ಹಾಕಿ ಮುಗಿಸಿದಾಗ ನಾಲ್ಕು ಗಂಟೆ.

"ಇಪ್ಪತ್ನಾಲ್ಕು ಗಂಟೆ ಮುಟ್ಬೇಡ ಸೂಸಿ. ನಾಳೆ ನಾಲ್ಕಕ್ಕೆ ನೀನೇ ಕ್ಲಿಪ್ಪು ತೆಗಿ."

ಅಂದೇ ಸಂಜೆ ಏಳಕ್ಕೆ ಎದೆ ಹಿಡಿದುಕೊಂಡರು. ಆಸ್ಪತ್ರೆಯಿಂದ ಬಂದದ್ದು ಪೆಟ್ಟಿಗೆಯಲ್ಲಿ.

*

ಮೂರೂ ಮುಕ್ಕಾಲಿಗೆ ಮನೆಯ ಪ್ರಾರ್ಥನೆ ಮುಗಿಯಿತು. ಪಾದ್ರಿಗಳು ಚರ್ಚಿಗೆ ಹೊರಡೋಣವೆಂದರು. ಸೂಸಮ್ಮ ಇನ್ನೊಂದು ಕಾಲು ಗಂಟೆ ಬೇಡಿಕೊಂಡರು. ಗಂಡನ ಮುಖ ನೋಡಿಕೊಳ್ಳಲಿ ಎಂದು ಹೆಂಗಸರು ಕಣ್ಣೊರೆಸಿಕೊಂಡು ಜಾಗ ಬಿಟ್ಟರು. ಸೂಸಮ್ಮ ಗೋಡೆ ಗಡಿಯಾರ ನೋಡುತ್ತಿದ್ದರು.

"ಅದು ಐದು ನಿಮಿಷ ಮುಂದಿದೆ ಅತ್ತಿಗೆ," ಎಂದ ಫ್ರೆಡ್ಡಿ.

"ಗೊತ್ತು ಕಣೋ. ಆ ಐದೂ ಸೇರಿಸೇ ಕಾಯ್ತಿದೀನಿ."

ಆಮೇಲೆ ಎದ್ದು ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಸಿಕ್ಕಿಸಿಕೊಂಡರು. ಕೊನೆಯದನ್ನು ಹಿಡಿದು ಪಕ್ಕದ ಮೇಜಿನತ್ತ ತಿರುಗಿದರು.

"ಬಿದ್ರೆ, ಈ ಸಲ ಬೈದ್ಬುಡಿ."

ತೆಗೆದರು. ರೆಕ್ಕೆ ಬೀಳಲಿಲ್ಲ.