ಪರದ ಅಕ್ಕಿ

ಸೋಮವಾರ ಮಾದಪ್ಪನ ಪರ. ಮನೆಮನೆಯಿಂದ ಅಕ್ಕಿ ಎತ್ತಿ ಬೀದಿಗೆಲ್ಲ ಊಟ ಹಾಕುವ ಸೇವೆ. ಹಂಗಳ ಊರಿನ ಆ ಬೀದಿಯಲ್ಲಿ ಮೂಟೆ ಹೊರುವ ಕೆಲಸ ಶಿವಮಲ್ಲುವಿನದು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಟೊಮೆಟೊ ಗಾಡಿಗೆ ಲೋಡು ಮಾಡುವವನ ಹೆಗಲು ಮಾತ್ರ ಬೀದಿಯವರಿಗೆ ಬೇಕು, ಬಾಯಿ ಬೇಡ.

ಕೊನೆಯ ಮನೆ ಮುದುಕಿ ಮಲ್ಲಾಜಮ್ಮನದು. ಜಾರಿ ಬಿದ್ದು ಕಾಲು ಮುರಿದಾಗಿನಿಂದ ಅವಳಿಗೆ ಕೂಲಿಯಿಲ್ಲ. ಕುಂಟುತ್ತ ಬಂದು ಅಕ್ಕಿ ಡಬ್ಬವನ್ನು ಮೂಟೆಗೆ ಕವುಚಿ ತಳ ತಟ್ಟಿದಳು. ಶಿವಮಲ್ಲು ಇಣುಕಿದ. ಡಬ್ಬ ಖಾಲಿ.

"ಯಜಮಾನ್ರೇ, ವಾಪಸ್ ಸುರೀರಿ. ಅವ್ವ ಏನ ಉಂಡಾಳು?"

ಬೀದಿಯ ಯಜಮಾನ ಮರಿಮಲ್ಲಪ್ಪ ತಿರುಗಿಯೂ ನೋಡಲಿಲ್ಲ. "ದೇವ್ರಿಗೆ ಎತ್ತಿದ್ದ ವಾಪಸ್ ಕೊಡಕ್ಕಾದ್ದಾ? ಸೋಮವಾರ ಹೊಟ್ಟ ತುಂಬ ಉಣ್ಲಿ ಬುಡು."

"ಇವತ್ತು ಗುರುವಾರ. ಅಲ್ಲಿಗಂಟ ಮಣ್ಣ ತಿಂದಾಳಾ?"

"ನಿನ್ನ ಕರ್ದಿದ್ದು ಮೂಟೆ ಹೊರಕ್ಕ ಕಣ್ಲಾ, ನ್ಯಾಯ ಹೇಳಕ್ಕಲ್ಲ."

ಮಲ್ಲಾಜಮ್ಮನೂ ಅವನ ಮೇಲೇ ಹರಿಹಾಯ್ದಳು. "ಸುಮ್ನಿರ್ಲಾ ಮೂದೇವಿ! ಒಂದು ವರ್ಷಾನೂ ನಮ್ಮನೆ ಅಕ್ಕಿ ತಪ್ಪಿಲ್ಲ. ಮಾನ ಕಳೀಬ್ಯಾಡ."

ಮಾನವಂತೆ! ಆ ಮನೆಯ ಒಲೆ ಹೊತ್ತಿ ಎರಡು ದಿನವಾಗಿತ್ತು. ಪರಕ್ಕೆಂದು ಎತ್ತಿಟ್ಟ ಅಕ್ಕಿ ಮುಟ್ಟದೆ ಮುದುಕಿ ಉಪವಾಸ ಬಿದ್ದಿದ್ದಳು. ಅದು ಬೀದಿಗೆಲ್ಲ ಗೊತ್ತು. ಗೊತ್ತಿದ್ದೂ ಅದೇ ಬಾಗಿಲಿಗೆ ಮೂಟೆ ಹಿಡಿದು ಬಂದಿದ್ದರು. ಶಿವಮಲ್ಲು ಉರಿದುಹೋದ. ಮೂಟೆಯನ್ನು ಜಗಲಿಯ ಮೇಲೆ ಕುಕ್ಕಿದ.

"ಇದ್ರೊಳಗೆ ಯಾವ ಕಾಳು ಇವ್ಳ್ದು, ಯಾವ್ದು ನಿಮ್ದು ಆರಿಸ್ಕೊಡಿ. ಆಮೇಲೆ ಎತ್ತೀನಿ."

ಅವನೇ ಅಂಗಳದಲ್ಲಿ ಮೂರು ಕಲ್ಲು ಹೂಡಿ ಮೂಟೆಯ ಅಕ್ಕಿಗೆ ಎಸರಿಟ್ಟ. ಅನ್ನ ಬೆಂದರೂ ಮಲ್ಲಾಜಮ್ಮ ಹೊಸ್ತಿಲು ದಾಟಲಿಲ್ಲ.

"ದೇವ್ರ ಅಕ್ಕಿಯ ಒಬ್ಬಳೇ ಉಣ್ಣಲ್ಲ ಕನಾ. ಪಂಕ್ತಿ ಕೂತ್ರೆ ಉಂಡೇನು."

ಶಿವಮಲ್ಲು ಬೀದಿಗೆ ತಿರುಗಿ ಅರಚಿದ. "ಬನ್ರೋ! ಸೋಮವಾರ ಮುಂದಲ ಸಾಲಿಗೆ ನುಗ್ಗೋರೆಲ್ಲ ಇವತ್ತು ಕೂರ್ರಿ!"

ಎರಡು ಕಿಟಕಿ ಪಟಪಟನೆ ಮುಚ್ಚಿಕೊಂಡವು. ಎದುರು ಮನೆಯ ನಾಗಲಕ್ಷ್ಮಿ ಮಾತ್ರ ತಟ್ಟೆ, ಸೊಪ್ಪಿನ ಸಾರು ಹಿಡಿದು ಬಂದಳು.

"ಅರಚ್ಕಬ್ಯಾಡ ಕತ್ತೆ. ಮೊನ್ನೇನೇ ಹೇಳಿದ್ರೆ ನಾನೇ ಉಣ್ಣಕ್ಕಿಕ್ತಿರ್ಲಿಲ್ವಾ?"

"ಎದುರು ಮನೆ ಒಲೆ ನೋಡಕ್ಕೂ ನಾನೇ ಹೇಳ್ಬೇಕಾ ಅಕ್ಕ?"

ನಾಗಲಕ್ಷ್ಮಿ ಮುಖ ತಗ್ಗಿಸಿ ಕೂತಳು. ಆಗ ಮಲ್ಲಾಜಮ್ಮ ಬಂದು ಪಕ್ಕದಲ್ಲಿ ಕೂತು, ಮೊದಲ ತುತ್ತನ್ನು ಅಗಿಯದೆ ನುಂಗಿದಳು.

ಮತ್ತೆ ಅನ್ನ ಬಡಿಸಲು ಹೊರಟ ಶಿವಮಲ್ಲುವಿಗೆ ಮರಿಮಲ್ಲಪ್ಪ ಅಡ್ಡ ಬಂದು ನಿಂತ. "ಸೋಮವಾರ ಅಕ್ಕಿ ಕಮ್ಮಿಯಾದ್ರೆ ನಿನ್ನ ಊರ ಮುಂದೆ ನಿಲ್ಲಿಸ್ತೀನಿ."

"ನಿಲ್ಲಿಸಿ. ಈಗ ಉಣ್ಣಾದಾದ್ರೆ ಕೂರಿ, ಇಲ್ದಿದ್ರೆ ದಾರಿ ಬುಡಿ. ಅವ್ವನ ತಟ್ಟೆ ಖಾಲಿಯಾಗ್ಯದ."