ಬಿಸಿ ಕೈಗೆ ನೀರಿಲ್ಲ

ನನ್ನ ಅಕ್ಕ ಫಿಲೋಮೆನಾ ದಿನಕ್ಕೆ ಮೂರು ಹೊತ್ತು ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಾಳೆ. ಗ್ವಾಟೆಮಾಲಾದ ಈ ಚಳಿಬೆಟ್ಟದಲ್ಲಿ ಅವಳ ಕೈರುಚಿಗೆ ಸಮನಿಲ್ಲ. ಆಗ ಅವಳ ಮಗ ಕಾಫಿ ಕೊಯ್ಲಿಗೆ ದೂರ ಹೋಗಿದ್ದ. ಸೊಸೆ ಎರ್ಮೆಲಿಂದಾ ಹಸಿ ಬಾಣಂತಿ. ಭಾವ ಎವಾರಿಸ್ಟೊ ಒಲೆಯ ಪಕ್ಕ ಕೂತು, ಮೊಮ್ಮಗ ನಿಕಾನೋರನ ಮೂಗು ತನ್ನದೇ ಎಂದು ವಾದಿಸುತ್ತಿದ್ದ. ನೋಡಿದವರು ಸುಖಸಂಸಾರ ಎನ್ನಬೇಕು.

ನಾನು ಊರಿನ ಆರೋಗ್ಯ ಕೇಂದ್ರದ ನರ್ಸು. ನಾನು ನೋಡಿದ್ದೇ ಬೇರೆ. ಕೂಸು ಬಟ್ಟೆ ಕೊಳೆ ಮಾಡಿತು. ಅಕ್ಕ ಹಿಟ್ಟು ಬಿಟ್ಟು ಎದ್ದು ಬಟ್ಟೆ ಬದಲಿಸಿದಳು, ಕೈಯನ್ನು ಏಪ್ರನ್ನಿಗೆ ಒರೆಸಿದಳು, ಬೆರಳನ್ನು ಸೋಂಪಿನ ನೀರಲ್ಲಿ ಅದ್ದಿ ಕೂಸಿಗೆ ಚೀಪಿಸಿದಳು, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅಂಗಳದ ತೊಟ್ಟಿಯಲ್ಲಿ ನೀರು ತುಂಬಿತ್ತು. ಅದರ ಅಂಚಿನಲ್ಲಿ ಸೋಪೂ ಇತ್ತು.

ಯಾಕೆ ಗೊತ್ತೇ? ಹೆಂಚಿನ ಮುಂದೆ ಕೂತ ಕೈ ಬಿಸಿ ಕೈ. ಅದಕ್ಕೆ ತಣ್ಣೀರು ಸೋಕಿದರೆ ಚಳಿ ಎಲುಬಿಗೆ ಹೊಕ್ಕು ಬೆರಳು ಸೊಟ್ಟಗಾಗುತ್ತವಂತೆ. ಇಸ್ತ್ರಿ ಹಾಕಿದವಳಿಗೂ ಅದೇ ಕಟ್ಟಳೆ. ಬಾಣಂತಿಗಂತೂ ನಲವತ್ತು ದಿನ ತಣ್ಣೀರು ಮುಟ್ಟುವ ಹಾಗಿಲ್ಲ. ಅಂದರೆ ಕೂಸನ್ನೆತ್ತುವ, ಅನ್ನವಿಕ್ಕುವ ಕೈಗಳೇ ಈ ಊರಲ್ಲಿ ತೊಳೆಯಬಾರದ ಕೈಗಳು! ಹೊಲದಿಂದ ಬಂದ ಗಂಡಸು ಮಾತ್ರ ಮೊಣಕೈವರೆಗೆ ತಿಕ್ಕಿ ತೊಳೆದು ತಟ್ಟೆಯ ಮುಂದೆ ಕೂರುತ್ತಾನೆ. ನೆನೆದರೆ ಮೈ ಉರಿಯುತ್ತದೆ.

ಎರಡು ವರ್ಷದ ಹಿಂದೆ ಈ ಮನೆಯ ಮೊದಲ ಮೊಮ್ಮಗಳು ಒಟಿಲಿಯಾ ಭೇದಿಯಾಗಿ ನಾಲ್ಕೇ ದಿನದಲ್ಲಿ ಹೋದಳು. ಏಳು ತಿಂಗಳ ಕೂಸು. ಯಾರದೋ ಕೆಟ್ಟ ಕಣ್ಣು ತಾಗಿದೆ ಎಂದು ಕೋಳಿಮೊಟ್ಟೆ ನಿವಾಳಿಸಿದರು. ನನ್ನನ್ನು ಕರೆದದ್ದು ಮೂರನೆಯ ದಿನ ಸಂಜೆ. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

"ಅಕ್ಕಾ, ಕೈ ತೊಳ್ಕೊಂಡು ಮಗೂನ ಮುಟ್ಟೇ," ಎಂದೆ.

"ಹೋಗೇ ಔರೇಲಿಯಾ, ಬಿಳಿ ಕೋಟು ಹಾಕ್ಕೊಂಡು ನಂಗೇ ಪಾಠ ಹೇಳ್ತೀಯಾ? ಅಮ್ಮನ ಬೆರಳು ಮರ್ತೋಯ್ತಾ? ಮರದ ಬೇರಿನ ಥರ ಸುರುಟ್ಕೊಂಡಿದ್ವು."

"ಅಮ್ಮ ಜೀವಮಾನದಲ್ಲಿ ಬಿಸಿ ಕೈಗೆ ತಣ್ಣೀರು ಸೋಕ್ಸಿರ್ಲಿಲ್ಲ. ಆದ್ರೂ ಸುರುಟ್ಕೊಂಡ್ವಲ್ಲ? ಅದು ಕಲ್ಲಲ್ಲಿ ಜೋಳ ಅರೆದೂ ಅರೆದೂ ಆಗಿದ್ದು ಕಣೇ."

ಅಕ್ಕ ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ಹಿಟ್ಟಿನ ಕೈ ಇದು. ಜೋಳಕ್ಕೆಲ್ಲಿಯ ಕೊಳೆ?"

"ತಣ್ಣೀರು ಬೇಡ, ಬಿಸಿನೀರಲ್ಲಿ ತೊಳಿ. ಅದಕ್ಕೇನಡ್ಡಿ?"

ಎವಾರಿಸ್ಟೊ ಗಹಗಹಿಸಿದ. "ಹೆಂಗಸ್ರ ಕೈಗೆ ಬಿಸಿನೀರಂತೆ! ಸೌದೆ ನಿಮ್ಮಪ್ಪ ಹೊತ್ಕೊಂಡು ಬರ್ತಾನಾ?"

ಅವನು ಹಾಗೆನ್ನುವಾಗ ಒಲೆಯ ಮೇಲೆ ಅವನ ಕ್ಷೌರದ ನೀರು ಕಾಯುತ್ತಿತ್ತು. ನಲವತ್ತು ವರ್ಷದಿಂದ ಅಕ್ಕ ತಪ್ಪದೆ ಕಾಯಿಸಿಟ್ಟ ನೀರು. ಕೋಣನ ಮುಂದೆ ಕಿನ್ನರಿ ಬಾರಿಸಿ ಫಲವೇನೆಂದು ಎದ್ದು ಬಂದೆ. ಆದರೆ ಮೂಲೆಯ ಚಾಪೆಯ ಮೇಲೆ ಮಲಗಿದ್ದ ಎರ್ಮೆಲಿಂದಾ ಕಣ್ಣು ಮುಚ್ಚಿರಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಅವಳೇ ಹೇಳಿಕಳಿಸಿದಳು. ಓಡಿದೆ. ನಿಕಾನೋರನಿಗೆ ಹದಿನೆಂಟನೆಯ ದಿನ, ಆಗಲೇ ಮೂರು ಸಲ ನೀರಿನಂತೆ ಭೇದಿಯಾಗಿತ್ತು. ಹಾಲು ಕುಡಿಯುತ್ತಿದ್ದ, ಕಣ್ಣಲ್ಲಿ ಇನ್ನೂ ಚುರುಕಿತ್ತು. ಕಾಲ ಮಿಂಚಿರಲಿಲ್ಲ. ಆರೋಗ್ಯ ಕೇಂದ್ರಕ್ಕೆ ಹೊರಡಿಸಬೇಕು ಎನ್ನುವಷ್ಟರಲ್ಲಿ ಅಕ್ಕ ಹೆಂಚಿನ ಮುಂದಿನಿಂದ ಎದ್ದು ಬಂದಳು. "ಕೊಡು ಇಲ್ಲಿ, ಸೋಂಪಿನ ನೀರು ಚೀಪಿಸ್ತೀನಿ, ಸರಿಹೋಗ್ತಾನೆ."

ಎಂದೂ ಎದುರಾಡದ ಎರ್ಮೆಲಿಂದಾ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಹಿಂದೆ ಸರಿದಳು.

"ಕೈ ತೊಳ್ಕೊಳಿ ಅತ್ತೆ. ಇಲ್ದಿದ್ರೆ ಮುಟ್ಬೇಡಿ."

"ಏನಂದೆ?"

"ಒಟಿಲಿಯಾನ ನಿಮ್ಮ ಕೈಗೆ ಕೊಟ್ಟೆ. ಇವನ್ನ ಕೊಡಲ್ಲ."

ಕೂಸನ್ನು ನನ್ನ ಮಡಿಲಿಗಿಟ್ಟು, ನೇರ ಒಲೆಗೆ ಹೋಗಿ ಮಾವನ ನೀರಿನ ಪಾತ್ರೆಯನ್ನೇ ಇಳಿಸಿದಳು. ತಣ್ಣೀರು ಬೆರೆಸಿ ಹದ ಮಾಡಿ, ಸೋಪು ತಂದು, ಮೊದಲು ತನ್ನ ಕೈ ತೊಳೆದಳು. ಉಳಿದ ನೀರನ್ನು ಬೋಗುಣಿಗೆ ಸುರಿದು ಅತ್ತೆಯ ಮುಂದಿಟ್ಟಳು.

ಕೆನ್ನೆಯ ತುಂಬ ಸೋಪಿನ ನೊರೆ ಹಚ್ಚಿಕೊಂಡಿದ್ದ ಎವಾರಿಸ್ಟೊ ಅರಚಿದ. "ಏಯ್! ಅದು ನನ್ನ ನೀರು!"

"ಗಡ್ಡ ನಾಳೇನೂ ಇರತ್ತೆ ಮಾವ. ಮಗು?"

ಅವನು ನೊರೆಯನ್ನು ತೋಳಿನಿಂದ ಒರೆಸಿಕೊಂಡ. ನನಗೆ ಬಹಳ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅಕ್ಕ ಸೊಸೆಯ ಮುಖ ನೋಡಿದಳು, ನನ್ನ ಮಡಿಲಲ್ಲಿದ್ದ ಕೂಸನ್ನು ನೋಡಿದಳು. ಕುಕ್ಕರುಗಾಲಲ್ಲಿ ಕೂತು ಕೈಯನ್ನು ಮೆಲ್ಲಗೆ ನೀರಿಗಿಳಿಸಿದಳು. ಬೆರಳು ಸೊಟ್ಟಗಾಗಲಿಲ್ಲ. ನೀರು ಮೊದಲು ಹಿಟ್ಟಿನಿಂದ ಬೆಳ್ಳಗಾಯಿತು. ಉಗುರಿನ ಸಂದಿ ಉಜ್ಜಿದಂತೆ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಬಗ್ಗಡವಾಯಿತು. ಅವಳು ಅದನ್ನೇ ನೋಡುತ್ತ ಕೂತಳು.

"ಔರೇಲಿಯಾ," ಎಂದಳು ತಲೆಯೆತ್ತದೆ. "ಒಟಿಲಿಯಾಗೂ ಇಷ್ಟೇ ಸಾಕಿತ್ತೇನೇ?"

ದೇವರ ಇಚ್ಛೆ ಅಕ್ಕಾ ಎನ್ನಬಹುದಿತ್ತು. ಈ ಊರಿನ ಪ್ರತಿಯೊಂದು ಪುಟ್ಟ ಶವಪೆಟ್ಟಿಗೆಯ ಮುಂದೆ ಅದನ್ನೇ ಹೇಳಿ ಕೈತೊಳೆದುಕೊಂಡಿದ್ದೇವೆ.

"ಹೂಂ ಅಕ್ಕಾ," ಎಂದೆ. "ಇಷ್ಟೇ ಸಾಕಿತ್ತು."

ಅಭ್ಯಾಸಬಲದಿಂದ ಅವಳ ಕೈ ಏಪ್ರನ್ನಿನತ್ತ ಹೋಯಿತು. ತಡೆದಳು. ಒದ್ದೆ ಕೈಗಳನ್ನು ಗಾಳಿಯಲ್ಲಿ ಹಾಗೇ ಎತ್ತಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅವು ಆರುವವರೆಗೆ ಎರ್ಮೆಲಿಂದಾ ಕಾದಳು. ಆಮೇಲೆ ಕೂಸನ್ನು ನನ್ನ ಮಡಿಲಿಂದೆತ್ತಿ ಆ ಕೈಗಳಲ್ಲಿಟ್ಟು, "ನಡೀರಿ ಅತ್ತೆ, ಆರೋಗ್ಯ ಕೇಂದ್ರಕ್ಕೆ ನೀವೇ ಎತ್ಕೊಂಡು ಬನ್ನಿ," ಎಂದಳು.